ಮೂರು ದಿನದ ಸೋಲು ಲೆಕ್ಕಕ್ಕಿಲ್ಲ
‘ಸತತ ಮೂರು ದಿನ ಸೋತರೆ ಪೋಕರ್‌ಗೆ ಒಂದು ವಾರ ರಜೆ ಕೊಡಿ’ ಅಂತ ಬರೆದಿದ್ದೀರಿ. ರಜೆ ಸರಿ, ಆದರೆ ಮೂರು ದಿನ ಯಾವ ಲೆಕ್ಕ ಸಾರ್? ಲಾಸ್ ವೇಗಾಸ್‌ನ 1-3 ಡಾಲರ್ (ಎಲೆ ಹಂಚೋ ಮುಂಚೆ ಇಬ್ಬರು ಕಟ್ಟಲೇಬೇಕಾದ ಪಣ) ಟೇಬಲ್‌ನಲ್ಲಿ ಗಂಟೆಗೆ 30 ಆಟ ಆದರೆ ಹೆಚ್ಚು. ಕೈಗೆ ಕೊಡೋ ಎರಡೂ ಎಲೆ ಎಕ್ಕ, ಅಂದರೆ ಎಲ್ಲಕ್ಕಿಂತ ಬಲದ ಜೋಡಿ, ಬರೋದೇ ಸರಾಸರಿ 221 ಆಟಕ್ಕೊಮ್ಮೆ. ಬಂದರೂ, ಎದುರಿಗೆ ಜೋಡಿ ರಾಜ ಹಿಡಿದವನು ಹೆಚ್ಚುಕಮ್ಮಿ ಐದರಲ್ಲಿ ಒಂದು ಸಲ ಗೆದ್ದೇ ಗೆಲ್ತಾನೆ. ಮೂರು ದಿನದಲ್ಲಿ ಕಾಣೋದು ಹೆಚ್ಚಾಗಿ ಅದೃಷ್ಟವೇ. (ಆಟದ ಹಣದಲ್ಲಿ ರೇಕ್ ಅಂತ ತಮ್ಮ ಪಾಲು ಎತ್ತೋ ಕ್ಯಾಸಿನೋದವರು ಮಾತ್ರ ಸೋಲೋದಿಲ್ಲ ಬಿಡಿ.)

ಕಳೆದ ಚಳಿಗಾಲ ಹನ್ನೊಂದು ಸಲ ಕೂತು ಒಂಬತ್ತು ಸಲ ಸೋತೆ. ಬರೆದಿಟ್ಟದ್ದು ತೆಗೆದು ನೋಡಿದರೆ ಆರು ಸೋಲು ಕೆಟ್ಟ ಎಲೆಯದ್ದು. ಮೂರು ಮಾತ್ರ ಮಧ್ಯರಾತ್ರಿ ಮೇಲೆ ‘ಹೋದದ್ದು ವಾಪಸ್ ತಗೊಂಡೇ ಏಳ್ತೀನಿ’ ಅನ್ನೋ ನನ್ನ ಹಠದ್ದು. ಈಗ ಜೇಬಲ್ಲಿ 300 ಡಾಲರ್, ಎಟಿಎಂ ಕಾರ್ಡು ಮನೇಲೇ.