ಪೇಪರ್ ಕಪ್ಪಿನಲ್ಲೂ ಪ್ಲಾಸ್ಟಿಕ್ ಇದೆ
ಪ್ಲಾಸ್ಟಿಕ್, ಕಸ ಕಡಿಮೆ ಮಾಡಲು ನೀವು ಬರೆದ ಸಲಹೆಗಳಲ್ಲಿ ಬಟ್ಟೆ ಚೀಲ, ಹಸಿ ಕಸದ ಗೊಬ್ಬರ ಎಲ್ಲಾ ಸರಿ. ಆದರೆ ಪ್ಲಾಸ್ಟಿಕ್ ಲೋಟದ ಬದಲು ಪೇಪರ್ ಕಪ್ ಬಳಸಿ ಅಂತ ಬರೆದಿದ್ದೀರಲ್ಲ, ಅದೊಂದನ್ನು ಒಪ್ಪಲಾರೆ. ಅದರ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಇಲ್ಲದಿದ್ದರೆ ಬಿಸಿ ಕಾಫಿಗೆ ಕಾಗದ ನೆನೆದು ಸೋರುತ್ತಿತ್ತು, ಅಲ್ವಾ? ಕಪ್ಪನ್ನು ನೀರಲ್ಲಿ ನೆನೆಸಿಟ್ಟು ಉಗುರಿನಿಂದ ಕೆರೆದು ನೋಡಿ, ಪದರ ಸುಲಿದು ಬರುತ್ತದೆ.

ಮದುವೆಗಳಲ್ಲಿ ಹಾಕುವ ಹಸಿರು ಬಣ್ಣದ ಪೇಪರ್ ಬಾಳೆಎಲೆಯದೂ ಇದೇ ಕಥೆ. ನಿಜವಾದ ಎಲೆಯಾದರೆ ಊಟ ಮುಗಿದ ಮೇಲೆ ದನ ತಿನ್ನುತ್ತದೆ, ಇಲ್ಲಾ ಗೊಬ್ಬರವಾಗುತ್ತದೆ. ಸಾರಿನ ವಾಸನೆಗೆ ಹಸು ಈ ಪೇಪರ್ ಎಲೆಯನ್ನೂ ತಿಂದುಬಿಡುತ್ತದೆ, ಪಾಪ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ನಮ್ಮ ಕರ್ನಾಟಕದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಛತ್ರಗಳಲ್ಲಿ ಆ ಹಾಳೆಯ ಸುರುಳಿ ಬಿಚ್ಚುವುದು ಮಾತ್ರ ನಿಂತಿಲ್ಲ.

ನಮ್ಮ ಮನೆಯ ನಾಮಕರಣಕ್ಕೆ ಅಡುಗೆ ಭಟ್ಟರಿಗೆ ಮೊದಲೇ ಹೇಳಿ ಸ್ಟೀಲ್ ಲೋಟ ತರಿಸಿದೆವು. ತೊಳೆಯುವವರಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟೆವು, ಅಷ್ಟೇ. ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳ ರಾಶಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನ ಎಂಬ ಸಂಸ್ಥೆಯವರು ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ, ಸ್ಟೀಲ್ ತಟ್ಟೆ ಲೋಟ ಅಲ್ಲಿಂದ ತರಬಹುದು. ಇನ್ನು ಮಲೆನಾಡು, ಕರಾವಳಿ ಕಡೆ ಅಡಿಕೆ ಹಾಳೆ ತಟ್ಟೆಗೇನು ಬರ?