ಕಾರಿಗೆ ದಾರಿ ಬಿಡುವ ರೈಲು

ಅಲ್ಲಾ, ರೈಲು ನಿಂತು ಕಾರಿಗೆ ದಾರಿ ಬಿಡುವುದನ್ನು ಎಲ್ಲಾದರೂ ಕಂಡಿದ್ದೀರಾ? ನಾನು ದಿನಾ ಕಾಣುತ್ತೇನೆ. ಇವತ್ತು ಬೆಳಿಗ್ಗೆಯಂತೂ ತಲೆ ಕೆಟ್ಟುಹೋಯಿತು. ಎರಡು ಬೋಗಿ ತುಂಬ ಜನ, ಕಾಲಿಡಲು ಜಾಗವಿಲ್ಲ. ಡೌನ್‌ಟೌನಿನ (ಊರ ನಡುಭಾಗದ) ಒಂದು ಅಡ್ಡರಸ್ತೆ ಹತ್ತಿರ ನಮಗೆ ಕೆಂಪು ಬಿತ್ತು. ಆ ಅಡ್ಡರಸ್ತೆಯಲ್ಲಿ ಬಂದದ್ದು ಒಂದೇ ಒಂದು ಕಾರು, ಅದರೊಳಗೆ ಒಬ್ಬನೇ ಒಬ್ಬ ಮಹಾನುಭಾವ. ಮೆರವಣಿಗೆ ಹೊರಟವರ ಹಾಗೆ ನಿಧಾನಕ್ಕೆ ನಮ್ಮ ಮುಂದೆ ಹಾದುಹೋದ. ಅವನು ಹೋದ ಮೇಲೂ ನಮಗೆ ಕೆಂಪೇ. ಖಾಲಿ ರಸ್ತೆಗೆ ಮರ್ಯಾದೆ ಕೊಡುತ್ತಾ ಇನ್ನೂರು ಚಿಲ್ಲರೆ ಜನ ನಿಂತಿದ್ದೆವು.

ನಾನು ಕಾರು ಮಾರಿ ರೈಲು ಹಿಡಿದವನು; ಯಾಕೆ ಅಂತ ಹಿಂದೊಮ್ಮೆ ಬರೆದಿದ್ದೆ, ಮತ್ತೆ ಬರೆಯಲ್ಲ. ಆ ಪೋಸ್ಟಿನ ಕೆಳಗೆ ಕಾರಿನವರ ಜೊತೆ ದೊಡ್ಡ ಕುಸ್ತಿಯೇ ನಡೆಯಿತು. ಮಾರಿದ್ದಕ್ಕೆ ಬೇಜಾರೂ ಇಲ್ಲ. ಈ ಲೈಟ್ ರೈಲು (ಊರೊಳಗೆ ರಸ್ತೆ ಮೇಲೂ ಓಡುವ ಚಿಕ್ಕ ರೈಲು) ನನಗೆ ಬಹಳ ಇಷ್ಟ, ಅದಕ್ಕೇ ಇಷ್ಟು ಬೈಯುವುದು.

ಸಬರ್ಬಿನ ಕಡೆ ಇದರ ಗತ್ತು ನೋಡಬೇಕು. ಅದರದ್ದೇ ಹಳಿ, ಅದರದ್ದೇ ದಾರಿ. ಕ್ರಾಸಿಂಗ್ ಬಂತೆಂದರೆ ಗಂಟೆ ಹೊಡೆದು ಗೇಟು ಬೀಳುತ್ತದೆ, ಕಾರುಗಳೆಲ್ಲ ಕೈಕಟ್ಟಿ ನಿಲ್ಲುತ್ತವೆ. ಪಕ್ಕದ ಹೆದ್ದಾರಿಯಲ್ಲಿ ತೆವಳುವ ಕಾರುಗಳನ್ನು ಹಿಂದೆ ಹಾಕುತ್ತಾ ಹೋಗುವಾಗ, ಹೇಳಿಬಿಡುತ್ತೇನೆ, ನನಗೆ ಒಂಥರಾ ಕೆಟ್ಟ ಖುಷಿ. ಬೇಕೆಂದೇ ಆ ಕಡೆಯ ಕಿಟಕಿ ಹಿಡಿದು ಕೂರುತ್ತೇನೆ.

ಡೌನ್‌ಟೌನ್ ಶುರುವಾಯಿತೋ, ಎಲ್ಲ ಮುಗಿಯಿತು. ಹಳಿ ರಸ್ತೆಯೊಳಗೆ ಇಳಿಯುತ್ತದೆ, ಗೇಟು ಮಾಯ. ಇಷ್ಟು ಹೊತ್ತು ರೈಲಾಗಿದ್ದದ್ದು ಈಗ ಉದ್ದನೆಯ ಒಂದು ಕಾರು, ಅಷ್ಟೇ. ಡ್ರೈವರ್ ಎದುರಿಗೆ ಒಂದು ಚಿಕ್ಕ ಸಿಗ್ನಲ್ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಬಣ್ಣವಿಲ್ಲ, ಬರೀ ಬಿಳಿ ಗೆರೆ. ಗೆರೆ ಅಡ್ಡ ಮಲಗಿದ್ದರೆ ನಿಲ್ಲಬೇಕು (ನಾನು ಕೆಂಪು ಅನ್ನುವುದು ಇದನ್ನೇ), ನೆಟ್ಟಗೆ ಎದ್ದರೆ ಹೊರಡಬೇಕು. ನಮ್ಮ ಲೈನಿನಲ್ಲಿ ಆ ಗೆರೆಗೆ ಮಲಗುವುದೇ ಕೆಲಸ.

ಅದರಲ್ಲೂ ಅತಿ ಘೋರ ಯಾವುದು ಗೊತ್ತಾ? ಸಿಗ್ನಲಿನ ಈಚೆ ಬದಿಗೇ ಕಟ್ಟಿರುವ ಪ್ಲಾಟ್‌ಫಾರ್ಮ್. ರೈಲು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಅದೇ ಹೊತ್ತಿಗೆ ನಮಗೆ ದಾರಿ ಸಿಗುತ್ತದೆ. ಜನ ಇಳಿದು, ಹತ್ತಿ, ಯಾರದೋ ಬ್ಯಾಗು ಬಾಗಿಲಿಗೆ ಸಿಕ್ಕಿ, ಬಾಗಿಲು ಮತ್ತೆ ತೆರೆದು, ಮತ್ತೆ ಮುಚ್ಚಿ, ಇನ್ನೇನು ಹೊರಡಬೇಕು, ಗೆರೆ ಅಡ್ಡ ಮಲಗುತ್ತದೆ. ಅಲ್ಲಿಗೆ ಒಂದೇ ಜಾಗದಲ್ಲಿ ಎರಡು ಸಲ ನಿಂತ ಹಾಗಾಯಿತು. ನಿಲ್ದಾಣವನ್ನು ಸಿಗ್ನಲ್ ದಾಟಿದ ಮೇಲೆ ಕಟ್ಟಿದ್ದರೆ ಈ ಪೀಕಲಾಟವೇ ಇರುತ್ತಿರಲಿಲ್ಲ. ಓಡುತ್ತಿರುವ ರೈಲು ಕ್ರಾಸಿಂಗಿಗೆ ಎಷ್ಟು ಸೆಕೆಂಡಿನಲ್ಲಿ ಬರುತ್ತದೆ ಅಂತ ಸಿಗ್ನಲ್ ಮೊದಲೇ ಲೆಕ್ಕ ಹಾಕಬಹುದು. ಜನ ಹತ್ತಿ ಇಳಿಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಯಾವ ಕಂಪ್ಯೂಟರಿಗೂ ಸರಿಯಾಗಿ ಗೊತ್ತಾಗುವುದಿಲ್ಲ.

ಹೋದ ವಾರ ನಾಯಿ ಹಿಡಿದು ವಾಕಿಂಗ್ ಹೊರಟಿದ್ದ ಒಬ್ಬ ಹೆಂಗಸು ನಮ್ಮನ್ನು ದಾಟಿ ಹೋದರು. ಮುಂದಿನ ಬ್ಲಾಕಿನಲ್ಲಿ ನಾವು ಅವರನ್ನು ದಾಟಿದೆವು. ಅದರ ಮುಂದಿನ ಸಿಗ್ನಲಿನಲ್ಲಿ ಮತ್ತೆ ಅವರೇ ಮುಂದೆ. ನಾಯಿ ಒಮ್ಮೆ ತಿರುಗಿ ನಮ್ಮನ್ನು ನೋಡಿತು. ಅದರ ಕಣ್ಣಿನಲ್ಲಿದ್ದದ್ದು ಕನಿಕರವೇ ಅಂತ ನನ್ನ ವಾದ.

ಇದಕ್ಕೇನು ಹೊಸದಾಗಿ ಮದ್ದು ಕಂಡುಹಿಡಿಯಬೇಕಾಗಿಲ್ಲ. ರೈಲು ಬರುತ್ತಿದೆ ಅಂತ ಗೊತ್ತಾದರೆ ಹಸಿರನ್ನು ಕೆಲವು ಸೆಕೆಂಡು ಹಿಗ್ಗಿಸುವುದು, ಇಲ್ಲಾ ಕೆಂಪನ್ನು ಬೇಗ ಮುಗಿಸುವುದು, ಇಷ್ಟೇ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರಿಗೆ ಇದು ಹಳೇ ಕಥೆ. ನೆಲದಡಿಯ ಮೆಟ್ರೋ ಬೇಡ ಅಂತ 1973ರಲ್ಲಿ ಅಲ್ಲಿನ ಜನ ವೋಟು ಹಾಕಿದರು. 1977ರಲ್ಲಿ ಅದೇ ಜನ ಟ್ರಾಮ್, ಬಸ್ಸುಗಳಿಗೆ ನೆಲದ ಮೇಲೇ ದಾರಿ ಸಲೀಸು ಮಾಡಲು ದುಡ್ಡು ಮಂಜೂರು ಮಾಡಿದರು. ಟ್ರಾಮ್ ಎಲ್ಲಿದೆ ಅಂತ ರಸ್ತೆಯೊಳಗೆ ಹುಗಿದ ಸೆನ್ಸರ್ ಹೇಳುತ್ತದೆ, ಸಿಗ್ನಲ್ ಕೇಳುತ್ತದೆ. ಕೆನಡಾದ ಕ್ಯಾಲ್ಗರಿಯವರು 1981ರಲ್ಲಿ ಲೈಟ್ ರೈಲು ಬಿಟ್ಟಾಗ ಡೌನ್‌ಟೌನಿನ 7ನೇ ಅವೆನ್ಯೂವನ್ನು ರೈಲು, ಬಸ್ಸಿಗೆ ಬಿಟ್ಟುಕೊಟ್ಟು ಖಾಸಗಿ ಕಾರುಗಳನ್ನು ಹೊರಗಿಟ್ಟರು. ಅದರಿಂದ ಊರೇನೂ ಮುಳುಗಲಿಲ್ಲ. ಅತ್ತ ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವೆ 2014ರಲ್ಲಿ ಗ್ರೀನ್ ಲೈನ್ ಅನ್ನುವ ಲೈಟ್ ರೈಲು ಶುರುವಾದಾಗ ಜನರ ದೊಡ್ಡ ದೂರು ಇದೇ ಆಗಿತ್ತು: ರೈಲು ಕೆಂಪು ದೀಪಕ್ಕೆ ಕಾಯುತ್ತದೆ. ಸದ್ಯ, ನಾನೊಬ್ಬನೇ ಹುಚ್ಚನಲ್ಲ.

ರೈಲು ಬರುವುದನ್ನು ಸಿಗ್ನಲಿಗೆ ಹೇಳುವ ಯಂತ್ರ ನಮ್ಮಲ್ಲೂ ಕಂಬದ ಮೇಲೆ ಕೂತಿದೆಯಂತೆ. ಆದರೆ ರೈಲು ಓಡಿಸುವವರು ಒಂದು ಇಲಾಖೆ, ಸಿಗ್ನಲ್ ನೋಡಿಕೊಳ್ಳುವವರು ಇನ್ನೊಂದು. ದೇವರು ಕೊಟ್ಟರೂ ಪೂಜಾರಿ ಕೊಡ.

ಈಗ ಕಾರಿನ ಪಕ್ಷದವರು ಬರುತ್ತಾರೆ, ಗೊತ್ತು. "ಅಡ್ಡರಸ್ತೆಯವರು ಮನುಷ್ಯರಲ್ಲವಾ? ಅಲ್ಲೂ ಬಸ್ಸು ಓಡುತ್ತಲ್ಲ?" ಓಡುತ್ತೆ ಸ್ವಾಮಿ, ಒಪ್ಪಿದೆ. ಆದರೆ 60 ಮೀಟರ್ ಉದ್ದದ ರೈಲು, ಗಂಟೆಗೆ 30 ಕಿ.ಮೀ. ವೇಗದಲ್ಲಿ, 20 ಮೀಟರ್ ಅಗಲದ ರಸ್ತೆ ದಾಟಲು ಎಷ್ಟು ಹೊತ್ತು ಬೇಕು, ನೀವೇ ಹಾಕಿ ಲೆಕ್ಕ. 10 ಸೆಕೆಂಡು. ಆಮೇಲೆ ರಸ್ತೆ ಪೂರಾ ನಿಮ್ಮದೇ, ಬೇಕಾದರೆ ಉರುಳುಸೇವೆ ಮಾಡಿ. ಇನ್ನು ಕೆಲವರು "ಹಾಗಾದರೆ ಸುರಂಗ ಕೊರೆಸಿ" ಅನ್ನುತ್ತಾರೆ. ದೀಪದ ಟೈಮಿಂಗ್ ಬದಲಿಸಲು ಮನಸ್ಸಿಲ್ಲದವರು ಸುರಂಗಕ್ಕೆ ದುಡ್ಡು ಬಿಚ್ಚುತ್ತಾರಾ? ಹೆಚ್ಚು ಜನ ಹಿಡಿಸಲು ರೈಲು ಉದ್ದ ಮಾಡಿ ಅಂದರೆ ಅದಕ್ಕೂ ರಸ್ತೆಯೇ ಬಿಡುವುದಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಿನ ಡೌನ್‌ಟೌನಿನಲ್ಲಿ ಒಂದು ಬ್ಲಾಕು ಸುಮಾರು 61 ಮೀಟರ್. ಅದಕ್ಕಿಂತ ಉದ್ದದ ರೈಲು ನಿಂತರೆ ಬಾಲ ಅಡ್ಡರಸ್ತೆಯಲ್ಲಿ. ಅದಕ್ಕೇ ಅಲ್ಲಿ ಎರಡೇ ಬೋಗಿ.

ನಿಂತಿದ್ದಕ್ಕೂ ದುಡ್ಡು ಹೋಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಹೋಗಿ ಬರಲು 80 ನಿಮಿಷ, ಹತ್ತು ನಿಮಿಷಕ್ಕೊಂದು ರೈಲು ಅಂತಿಟ್ಟುಕೊಳ್ಳಿ: 8 ರೈಲು ಸಾಕು. ಸಿಗ್ನಲುಗಳು ಅದಕ್ಕೆ ಇನ್ನೂ ಹತ್ತು ನಿಮಿಷ ಸೇರಿಸಿದರೆ 9 ಬೇಕು. ಒಂದು ರೈಲು, ಅದಕ್ಕೊಬ್ಬ ಡ್ರೈವರ್, ಪಾಳಿ ಬದಲಿಸಲು ಇನ್ನೊಬ್ಬ, ಕೆಂಪು ದೀಪ ನೋಡುತ್ತಾ ಕೂರುವುದಕ್ಕೆ ಅಂತಲೇ! ಆಮೇಲೆ ದುಡ್ಡಿಲ್ಲ ಅಂತ ರಾತ್ರಿಯ ಟ್ರಿಪ್ಪಿಗೆ ಕತ್ತರಿ. ಆ ಟ್ರಿಪ್ಪಿಗೆ ಕಾಯುವವರು ತಡರಾತ್ರಿ ಕೆಲಸ ಮುಗಿಸಿ ಬರುವವರು, ಡೌನ್‌ಟೌನ್ ಆಫೀಸುಗಳನ್ನು ಗುಡಿಸಿ ಒರೆಸುವವರು. ಅವರು ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆಯುವುದಿಲ್ಲ, ಬರೆಯುವುದಕ್ಕೆ ನನ್ನಂಥ ಪುರುಸೊತ್ತಿನವರಿದ್ದೇವಲ್ಲ.

ಇಷ್ಟೆಲ್ಲ ಉರಿದದ್ದಕ್ಕೆ ನಿಜವಾದ ಕಾರಣ ಬೇರೆ. ಸಂಜೆ ನಿಲ್ದಾಣದಲ್ಲಿ ಲೈನ್ ವಿಸ್ತರಣೆಯ ನಕ್ಷೆ ಅಂಟಿಸಿದ್ದಾರೆ, ಬಣ್ಣಬಣ್ಣದ್ದು, ತುಂಬ ಚೆನ್ನಾಗಿದೆ. ಹೊಸ ನಿಲ್ದಾಣಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದೆ. ಮೂರು ಪ್ಲಾಟ್‌ಫಾರ್ಮ್ ಮತ್ತೆ ಸಿಗ್ನಲಿನ ಈಚೆಗೇ! ಕೆಳಗೆ ಬಂದು ಅಭಿಪ್ರಾಯ ಹೇಳಲು ಸಾರ್ವಜನಿಕರಿಗೆ ಸ್ವಾಗತ ಅಂತ ಬರೆದಿದ್ದಾರೆ. ಬರುತ್ತೇನೆ, ಸ್ಕೇಲು ಪೆನ್ಸಿಲ್ಲು ಹಿಡಿದುಕೊಂಡೇ ಬರುತ್ತೇನೆ. ಜೊತೆಗೆ ಯಾರು ಬರ್ತೀರಿ, ಕಾಮೆಂಟಿನಲ್ಲಿ ಹೇಳಿ. ಕಾರಿನಲ್ಲಿ ಬರುವವರಿಗೂ ಅಡ್ಡಿಯಿಲ್ಲ, ಹೇಗಿದ್ದರೂ ನೀವೇ ಮೊದಲು ತಲುಪುತ್ತೀರಿ.