ನಾಯಿಯ ಪಾಪ, ಗೊರವನ ತಲೆಗೆ

ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುವುದರಿಂದ ಸಿಗುವ ಜೀವನಪಾಠಗಳ ಸಂದೇಶ ಈ ವಾರ ನಿಮ್ಮ ಮೊಬೈಲಿಗೂ ಬಂದು ಬಿದ್ದಿರುತ್ತದೆ. ನಮ್ಮ ಬಡಾವಣೆಯ ಗುಂಪಿಗೆ ಶುಭೋದಯದ ಗುಲಾಬಿಯ ಬೆನ್ನಿಗೇ ಬಂತು. ಊಟದ ಹೊತ್ತಿಗೆ ಬೇರೊಬ್ಬರ ಕೈಯಿಂದ ಅದೇ ಮತ್ತೊಮ್ಮೆ ಬಂತು. ಈ ಕ್ಷಣದಲ್ಲಿ ಬದುಕು, ಎದುರಿಗೆ ಬಂದವರಿಗೆಲ್ಲ ಬಾಲ ಅಲ್ಲಾಡಿಸು, ದಾರಿಯ ಪ್ರತಿಯೊಂದು ವಾಸನೆಯನ್ನೂ ನಿಂತು ಆಸ್ವಾದಿಸು. ಕೊನೆಯ ಪಾಠವನ್ನು ಬರೆದವರು ಬೇಸಿಗೆಯಲ್ಲಿ ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಬಂದವರಲ್ಲ. ಎರಡನೆಯದನ್ನು ನಮ್ಮ ಪುಢಾರಿಗಳು ಯಾವ ನಾಯಿಯ ನೆರವೂ ಇಲ್ಲದೆ ಕಲಿತಿದ್ದಾರೆ.

ಆದರೂ ಜ್ಞಾನ ಎಲ್ಲಿಂದ ಬಂದರೂ ಬರಲಿ ಎನ್ನುವವನು ನಾನು. ವಿದ್ಯಾನಗರ, ಕೇಶ್ವಾಪುರದ ರಸ್ತೆಗಳಲ್ಲಿ ಬೆಳಿಗ್ಗೆ ಜ್ಞಾನಾರ್ಥಿಗಳ ಮೆರವಣಿಗೆಯೇ ಹೊರಡುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಸೈಬೀರಿಯಾದ ಹಸ್ಕಿ! ಹಿಮದ ಮೇಲೆ ಜಾರುಬಂಡಿ ಎಳೆಯಲೆಂದು ಬೆಳೆಸಿದ ತಳಿ ಇಲ್ಲಿ ಒಬ್ಬ ಗುತ್ತಿಗೆದಾರರನ್ನು ಎಳೆಯುತ್ತ, ನಾಲಿಗೆ ಇಳಿಬಿಟ್ಟು, ನೆರಳಿದ್ದಲ್ಲೆಲ್ಲ ಕುಸಿದು ಕೂರುತ್ತದೆ. ಈ ಕ್ಷಣದಲ್ಲಿ ಬದುಕು ಎಂದು ಅದಕ್ಕೆ ಹೇಳುವ ಧೈರ್ಯ ಯಾರಿಗಿದೆ? ಹತ್ತಿರದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿ ಏರಿತು, ಆಮೇಲೆ ಸೈನ್ಯಕ್ಕೂ ಸೇರಿತು. ಅದನ್ನೇಕೆ ಸಾಕಲಿಲ್ಲ ಎಂದು ಗುತ್ತಿಗೆದಾರರನ್ನು ಕೇಳಿದೆ. ಅದರ ಪಕ್ಕೆಲುಬು ಕಾಣುತ್ತದಂತೆ, ನೋಡಿದವರು ಈ ಮನೆಯಲ್ಲಿ ನಾಯಿಗೆ ಅನ್ನ ಹಾಕುವುದಿಲ್ಲ ಎಂದುಕೊಳ್ಳುತ್ತಾರಂತೆ. ಪ್ರತಿಷ್ಠೆಯ ಪ್ರಶ್ನೆ.

ನಾಯಿ ವಾಕಿಂಗ್‌ನ ಅತ್ಯುನ್ನತ ಪಾಠ ಸಿಕ್ಕಿದ್ದು 2022ರಲ್ಲಿ, ದೆಹಲಿಯ ಐಎಎಸ್ ದಂಪತಿಗೆ. ತ್ಯಾಗರಾಜ್ ಕ್ರೀಡಾಂಗಣದಲ್ಲಿ ಓಡುವ ಹುಡುಗರನ್ನು ಸಂಜೆ ಬೇಗ ಹೊರಗೆ ಕಳುಹಿಸಲಾಗುತ್ತಿದೆ, ಆಮೇಲೆ ಅಲ್ಲಿ ಸಾಹೇಬರ ನಾಯಿ ಅಡ್ಡಾಡುತ್ತದೆ ಎಂದು ಪತ್ರಿಕೆಯಲ್ಲಿ ಬಂದದ್ದೇ ತಡ, ಗಂಡನಿಗೆ ಲಡಾಖ್, ಹೆಂಡತಿಗೆ ಅರುಣಾಚಲ. ನಾಯಿ ಯಾರ ಪಾಲಿಗೆ ಬಂತು ಎಂದು ದೇಶವೆಲ್ಲ ತಲೆ ಕೆಡಿಸಿಕೊಂಡಿತು. ಲಡಾಖಿನ ಜನ ಏನು ತಪ್ಪು ಮಾಡಿದ್ದರು ಎಂದು ಕೇಳಿದವರು ಕಡಿಮೆ.

ನಾಯಿಯನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ಈಗಿನ ಶೋಕಿ ಎಂದು ಗೊಣಗುವ ಹಿರಿಯರು ಆತಕೂರಿನ ಶಾಸನ ಓದಬೇಕು. ಮಂಡ್ಯ ಜಿಲ್ಲೆಯದು, ಹತ್ತನೆಯ ಶತಮಾನದ ನಡುವಿನದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಸಾಮಂತ ಮಣಲೇರನಿಗೆ ಗಂಗರ ಅರಸ ಬೂತುಗ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಪುಣ್ಯಾತ್ಮ ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಕಾಳಿ ಒಂದು ದೊಡ್ಡ ಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ನನಗೆ ಹಿಡಿಸಿದ್ದು ಶಾಸನದ ಕರಾರು: ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ನಾಯಿ ಅರಸನದು, ಆಮೇಲೆ ಸಾಮಂತನದು. ಪಾಪ ಮಾತ್ರ ಗೊರವನದು.

ಈ ವ್ಯವಸ್ಥೆ ಒಂದು ಸಾವಿರ ವರ್ಷ ಕಳೆದರೂ ಮುಕ್ಕಾಗಿಲ್ಲ. ನಮ್ಮ ಓಣಿಯಲ್ಲಿ ವೈನಿಯವರು ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ ಒಳಗೆ ಹೋಗುವುದನ್ನೇ ಕಾದಿದ್ದವರಂತೆ ನಾಯಿಯೂ ಒಡೆಯರೂ ಗೇಟಿನ ಮುಂದೆ ನಿಲ್ಲುತ್ತಾರೆ. ನಾಯಿ ಹಿಂಗಾಲು ಬಗ್ಗಿಸುತ್ತದೆ. ಒಡೆಯರು ತಟ್ಟನೆ ಆಕಾಶದತ್ತ ನೋಡಿ, ಮಳೆ ಬರುವ ಸಾಧ್ಯತೆಯ ಬಗ್ಗೆ ಆಳವಾಗಿ ಚಿಂತಿಸತೊಡಗುತ್ತಾರೆ. ಎಂಥ ಏಕಾಗ್ರತೆ! ಕೆಲಸ ಮುಗಿದ ಕೂಡಲೇ ಆಕಾಶದಲ್ಲಿ ಆಸಕ್ತಿ ಉಳಿಯುವುದಿಲ್ಲ. ತಮ್ಮ ಮನೆಯ ಗೇಟಿನ ಮುಂದೆ ಈ ಹವಾಮಾನ ವೀಕ್ಷಣೆ ಎಂದೂ ನಡೆದದ್ದಿಲ್ಲ.

"ಸಾಹೇಬರೇ, ನಿಮ್ಮ ನಾಯಿ..." ಎಂದು ಒಮ್ಮೆ ಬಾಯಿ ತೆರೆದೆ.

"ನಾಯಿ ಅನ್ನಬೇಡಿ ರೀ. ಬ್ರೂನೋ. ನಮಗೆ ಮಗನಿದ್ದಂತೆ."

ಮಗನನ್ನು ಹೀಗೆ ಊರವರ ಬಾಗಿಲಲ್ಲಿ ಕೂರಿಸಿ ಬೆಳೆಸಿದ್ದರೆ ಎಂದು ಕೇಳಲಿಲ್ಲ. ಮಗ ಪುಣೆಯಲ್ಲಿದ್ದಾನೆ, ಒಳ್ಳೆಯ ಹುಡುಗ.

ಆ ಮೇಲೆ ಪೌರಕಾರ್ಮಿಕ ಮಹಿಳೆ ಬರುತ್ತಾಳೆ. ಎರಡು ರಟ್ಟಿನ ತುಂಡುಗಳಿಂದ ಅದನ್ನು ಬಳಿದು ಎತ್ತುತ್ತಾಳೆ. ಕೆಲವು ದಿನ ಕೈಗವಸು ಇರುತ್ತದೆ, ಹಲವು ದಿನ ಇರುವುದಿಲ್ಲ. ಅವಳಿಗೆ ಸಿಕ್ಕ ಜೀವನಪಾಠವನ್ನು ಯಾರೂ ಯಾರಿಗೂ ಕಳುಹಿಸುವುದಿಲ್ಲ. ತಾಳ್ಮೆ, ವಿನಯ, ನಿರ್ವ್ಯಾಜ ಪ್ರೀತಿ ಎಂದು ದಿನವಿಡೀ ಬರೆಯುವ ಜನಕ್ಕೆ ಸೊಂಟ ಬಗ್ಗಿಸಿ ಒಂದು ಹಿಡಿ ಹೊಲಸು ಎತ್ತಲು ಆಗುವುದಿಲ್ಲ. ಇದರಲ್ಲಿ ತಮಾಷೆ ಏನೂ ಇಲ್ಲ. ಬರೆಯುವುದಕ್ಕೂ ಬೇಸರವಾಗುತ್ತದೆ.

ಕೊರಳಿಗೆ ಪಟ್ಟಿಯಿಲ್ಲದ ನಾಯಿಗಳದು ಬೇರೆ ಪಾಠಶಾಲೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರನ್ನು ಅವೇ ವಾಕಿಂಗ್‌ಗೆ ಕರೆದೊಯ್ಯುತ್ತವೆ, ಅದೂ ಓಟದಲ್ಲಿ. ಸಂತಾನಹರಣ ಮಾಡಿ, ಲಸಿಕೆ ಹಾಕಿ ಎಂದು ಕೇಂದ್ರ ಸರ್ಕಾರದ 2023ರ ನಿಯಮ ಹೇಳುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆರವು ಮಾಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರೇಬೀಸ್ ಮಾತ್ರ ಯಾರ ಮಾತಿಗೂ ಕಾಯುವುದಿಲ್ಲ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ನಮ್ಮ ಗುಂಪಿನಲ್ಲಿ ಈ ವಿಷಯ ಎತ್ತಿದವರಿಗೆ ಪ್ರಾಣಿದ್ವೇಷಿ ಎಂಬ ಬಿರುದು ಕೊಡಲಾಗುತ್ತದೆ. ಬಿರುದು ಕೊಟ್ಟವರ ಹಸ್ಕಿ ಹವಾನಿಯಂತ್ರಿತ ಕೋಣೆಯಲ್ಲಿ ಮಲಗಿರುತ್ತದೆ.

ಮೊನ್ನೆ ಸಾಹೇಬರಿಗೆ ಇನ್ನೊಮ್ಮೆ ಹೇಳಿದೆ, ಜೊತೆಗೆ ಒಂದು ಹಳೆಯ ಪೇಪರಾದರೂ ಹಿಡಿದುಕೊಂಡು ಬನ್ನಿ ಎಂದು. "ತೆರಿಗೆ ಕಟ್ಟುತ್ತೇವಲ್ಲ ರೀ!" ಎಂದು ಸಿಡುಕಿದರು. ಕಟ್ಟಿದ್ದರೆ ರಸೀದಿ ಇದ್ದೇ ಇರುತ್ತದೆ. ಅದೂ ಕಾಗದವೇ, ಸಾಕಷ್ಟು ಗಟ್ಟಿಯಾಗಿಯೂ ಇರುತ್ತದೆ.